ಸಣ್ಣ ವ್ಯಾಪಾರಿಗಳೇ, ಸಮಯ ಸಾಲುತ್ತಿಲ್ಲವೇ? ಮೊದಲು ಈ ದಿನಾಂಕಗಳಿಗೆ ಗುರುತು ಹಾಕಿ

ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿ ಇಳಿಸುವವರೆಗೂ ಬಿಡುವಿಲ್ಲ. ಸರಕು ತರಿಸುವುದು, ಗಿರಾಕಿಗಳನ್ನು ನೋಡಿಕೊಳ್ಳುವುದು, ಬಾಕಿ ವಸೂಲಿ, ಲೆಕ್ಕಪತ್ರ ಎಲ್ಲವೂ ಮಾಲೀಕರ ತಲೆಯ ಮೇಲೆಯೇ. ಮುಂಬೈನ ಚಿಕ್ಕ ಹೋಟೆಲ್ ಇರಲಿ, ಪುಣೆಯ ಕಿರಾಣಿ ಅಂಗಡಿ ಇರಲಿ, ಕಥೆ ಒಂದೇ. ಈ ಗಡಿಬಿಡಿಯಲ್ಲಿ ಹಿಂದೆ ಬೀಳುವುದು ಗಿರಾಕಿಯ ಕೆಲಸವಲ್ಲ, ಕಾಗದಪತ್ರದ ಕೆಲಸ. ಆದರೆ ದಂಡ ಬೀಳುವುದೂ ಅಲ್ಲೇ.

ಮರೆಯಬಾರದ ದಿನಾಂಕಗಳು

* 11: ಹಿಂದಿನ ತಿಂಗಳ ಮಾರಾಟದ ವಿವರ (ಜಿಎಸ್‌ಟಿಆರ್-1)
* 15: ನೌಕರರ ಪಿಎಫ್ ಮತ್ತು ಇಎಸ್‌ಐ (ಅನ್ವಯಿಸುವವರಿಗೆ)
* 20: ತೆರಿಗೆ ಪಾವತಿಯೊಂದಿಗೆ ಜಿಎಸ್‌ಟಿಆರ್-3ಬಿ

3ಬಿ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕ, ತೆರಿಗೆ ಬಾಕಿ ಇಲ್ಲದ 'ನಿಲ್' ರಿಟರ್ನ್‌ಗೆ 20 ರೂ. ಒಟ್ಟು ಶುಲ್ಕಕ್ಕೆ ಗರಿಷ್ಠ ಮಿತಿ ಇದೆ. ಆದರೆ ಬಾಕಿ ತೆರಿಗೆಗೆ ವಾರ್ಷಿಕ ಶೇ. 18ರಷ್ಟು ಬಡ್ಡಿ ಬೇರೆ. ಜಿಎಸ್‌ಟಿಆರ್-1 ತಡವಾದರಂತೂ ನಿಮ್ಮಿಂದ ಸರಕು ಕೊಂಡ ವ್ಯಾಪಾರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಮಯಕ್ಕೆ ಸಿಗುವುದಿಲ್ಲ. ಹೀಗೆ ಒಳ್ಳೆಯ ಗಿರಾಕಿ ಕೈತಪ್ಪಬಹುದು.

ಕೆಲಸವನ್ನೇ ಕಡಿಮೆ ಮಾಡಿಕೊಳ್ಳಿ

ವಾರ್ಷಿಕ ವಹಿವಾಟು 5 ಕೋಟಿ ರೂ.ವರೆಗೆ ಇದ್ದರೆ ಕ್ಯೂಆರ್‌ಎಂಪಿ ಯೋಜನೆ ಆಯ್ದುಕೊಳ್ಳಬಹುದು. ಆಗ ವರ್ಷಕ್ಕೆ 24 ರಿಟರ್ನ್‌ಗಳ ಬದಲು 8 ಸಾಕು. ಆದರೆ ತ್ರೈಮಾಸಿಕದ ಮೊದಲ ಎರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಕಟ್ಟಲೇಬೇಕು.

ಇನ್ನೂ ಚಿಕ್ಕ ವ್ಯಾಪಾರವಾದರೆ ಕಾಂಪೋಸಿಷನ್ ಯೋಜನೆಯಿದೆ. ಸರಕು ವ್ಯಾಪಾರಿಗಳಿಗೆ ಮತ್ತು ರೆಸ್ಟೋರೆಂಟ್‌ಗಳಿಗೆ ಬಹುತೇಕ ರಾಜ್ಯಗಳಲ್ಲಿ ಇದರ ಮಿತಿ 1.5 ಕೋಟಿ ರೂ. ಲೆಕ್ಕ ಸುಲಭ; ಆದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಯಾವುದು ಲಾಭ ಎಂದು ನಿಮ್ಮ ಆಡಿಟರ್ ಬಳಿ ಕೇಳಿಯೇ ನಿರ್ಧರಿಸಿ.

ದಿನಚರಿಯಲ್ಲಿ ಹೀಗೆ ಮಾಡಿ

* ದಿನಕ್ಕೆ 20 ನಿಮಿಷ ಬಿಲ್‌ಗಳಿಗೆ ಮೀಸಲಿಡಿ. ಹೋಟೆಲ್‌ನವರಿಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿ-ತಿಂಡಿ ಶುರುವಾಗುವ ಮೊದಲಿನ ಹೊತ್ತು ಅನುಕೂಲ. ತಿಂಗಳ ಕೊನೆಯಲ್ಲಿ ಬಿಲ್ ಹುಡುಕುತ್ತಾ ರಾತ್ರಿಯಿಡೀ ಕೂರುವುದು ತಪ್ಪುತ್ತದೆ.
* ಬಾಕಿ ವಸೂಲಿಗೆ ವಾರದಲ್ಲಿ ಒಂದು ದಿನ, ಸರಕಿನ ಆರ್ಡರ್‌ಗೆ ಇನ್ನೊಂದು ದಿನ ಗೊತ್ತುಮಾಡಿ.
* ಪದೇ ಪದೇ ಮಾಡುವ ಒಂದು ಕೆಲಸವನ್ನು ನಂಬಿಕಸ್ಥ ನೌಕರರಿಗೆ ಕಲಿಸಿ. ಮೊದಮೊದಲು ತಪ್ಪಾದರೂ ಬಿಟ್ಟುಕೊಡಿ.
* ಕೊನೆಯ ದಿನಾಂಕಕ್ಕಿಂತ 3 ದಿನ ಮೊದಲೇ ಮೊಬೈಲ್‌ನಲ್ಲಿ ಅಲಾರಂ ಇಡಿ.

ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಓಡಾಡಿದರೆ ಅಂಗಡಿ ಮುಚ್ಚಿದ ಮೇಲೂ ಮನಸ್ಸು ಅಂಗಡಿಯಲ್ಲೇ ಇರುತ್ತದೆ. ಕ್ಯಾಲೆಂಡರ್‌ಗೆ ಒಪ್ಪಿಸಿದರೆ ರಾತ್ರಿಯ ಊಟವನ್ನಾದರೂ ಮನೆಯವರ ಜೊತೆ ನೆಮ್ಮದಿಯಿಂದ ಮಾಡಬಹುದು.