ಏಳು ದಿನದ ಪಾಸು, ಎರಡು ಕೆಂಪು ಬಸ್ಸು

ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ‘ಆವಡೇಲ್ ತೇಥೇ ಪ್ರವಾಸ್’ ಎಂಬ ಪಾಸು ಸಿಗುತ್ತದೆ. ಮನಸ್ಸು ಬಂದಲ್ಲಿಗೆ ಪ್ರಯಾಣ ಎಂದು ಅರ್ಥ. ನಾಲ್ಕು ದಿನದ್ದೊಂದು, ಏಳು ದಿನದ್ದೊಂದು. ಅಷ್ಟು ದಿನ ಎಸ್‌.ಟಿ. ಬಸ್ಸನ್ನು ಎಲ್ಲಿ ಬೇಕಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು. 2016ರ ಜುಲೈ ಎರಡನೇ ವಾರ ಪಿಂಪ್ರಿಯ ವಲ್ಲಭನಗರ ಬಸ್‌ಸ್ಟ್ಯಾಂಡಿನಲ್ಲಿ ನಾನು ಏಳು ದಿನದ್ದು ಮಾಡಿಸಿದೆ. ಭಾಷಾವಿಜ್ಞಾನದ ಎಂ.ಎ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ಬೆನ್ನಿಗೊಂದು ಚೀಲ ಇತ್ತು. ಸಹ್ಯಾದ್ರಿಯನ್ನು ನಾಲ್ಕು ಕಡೆ ಹತ್ತಿಳಿದು, ಮರಾಠಿ ಎಲ್ಲಿ ಮುಗಿದು ಕನ್ನಡ ಎಲ್ಲಿ ಶುರುವಾಗುತ್ತದೆ ಎಂದು ಕಿವಿಯಾರೆ ಕೇಳಿಬರುವುದು ನನ್ನ ಯೋಜನೆ. ಅಪ್ಪ ಕೇಳಿದ್ದು ಒಂದೇ ಮಾತು: “ಮಳಿಗಾಲದಾಗ ಘಟ್ಟ ತಿರಗಾಕ ಯಾರರೆ ಹೋಗ್ತಾರೇನವಾ?”

ಅಪ್ಪನಿಗೆ ಈ ಬಸ್ಸಿನ ಬಗ್ಗೆ ಮಾತಾಡುವ ಹಕ್ಕಿತ್ತು. 1979ರಲ್ಲಿ ಧಾರವಾಡದಿಂದ ರಾತ್ರಿ ಬಸ್ಸಿಗೆ ಟ್ರಂಕು ಏರಿಸಿ ಪಿಂಪ್ರಿಗೆ ಬಂದವರು ಅವರು. 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಇಲ್ಲಿ ಶುರುವಾದ ಮೇಲೆ ಒಂದರ ಹಿಂದೊಂದು ಕಾರ್ಖಾನೆ ಬಂದು, ಹೊಲಗದ್ದೆಯ ಊರುಗಳು ಸೇರಿ 1982ರಲ್ಲಿ ಮಹಾನಗರಪಾಲಿಕೆಯಾಯಿತು. ಅಪ್ಪನಂಥ ಸಾವಿರಾರು ಜನ ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲೇ ಉಳಿದರು. ಅಪ್ಪನ ನೆನಪಿನಲ್ಲಿ ಪುಣೆ ಎಂದರೆ ಮೊದಲು ಕಾತ್ರಜ ಘಾಟಿನ ಹಳೆ ಸುರಂಗ. ಬೆಳಗಿನ ಜಾವ ಬಸ್ಸು ಅದರಿಂದ ಹೊರಬಿದ್ದಾಗ ಕೆಳಗೆ ಕಂಡ ದೀಪಗಳು. ಬೇಸಿಗೆ ಬಂತೆಂದರೆ ನಾವೂ ಅದೇ ದಾರಿಯಲ್ಲಿ ಅಜ್ಜಿ ಊರಿಗೆ. ನನ್ನ ಕನ್ನಡ ಉಳಿದದ್ದು ಶಾಲೆಯಿಂದಲ್ಲ, ಆ ಬಸ್ಸಿನಿಂದ.

ಎಸ್‌.ಟಿ. ಹುಟ್ಟಿದ್ದೂ ಪುಣೆಯಲ್ಲಿಯೇ. ಅದಕ್ಕೂ ಮೊದಲು ಈ ರಸ್ತೆಗಳಲ್ಲಿ ಇದ್ದದ್ದು ಖಾಸಗಿ ಮೋಟಾರುಗಳು. ಜನ ತುಂಬಿದಾಗ ಹೊರಡುವುದು, ತುಂಬದಿದ್ದರೆ ನಿಂತೇ ಇರುವುದು. 1939ರ ಮೋಟಾರು ವಾಹನ ಕಾಯ್ದೆಯಿಂದ ಸ್ವಲ್ಪ ಶಿಸ್ತು ಬಂತು. ಸ್ವಾತಂತ್ರ್ಯ ಬಂದ ಮರುವರ್ಷ, ಮೊರಾರ್ಜಿ ದೇಸಾಯಿ ಬಾಂಬೆ ರಾಜ್ಯದ ಗೃಹಮಂತ್ರಿಯಾಗಿದ್ದಾಗ, ಸರ್ಕಾರವೇ ಬಸ್ಸು ಬಿಡಲು ಮುಂದಾಯಿತು. 1948ರ ಜೂನ್ 1ರಂದು ಪುಣೆಯಿಂದ ಅಹಮದ್‌ನಗರಕ್ಕೆ ಮೊದಲ ಬಸ್ಸು ಹೋಯಿತು. ಆಗ ಬಣ್ಣ ಕೆಂಪಲ್ಲ. ನೀಲಿ ಮೈ, ಬೆಳ್ಳಿ ಬಣ್ಣದ ಮಾಡು. ಡ್ರೈವರ್ ಕಂಡಕ್ಟರರಿಗೆ ಖಾಕಿ ಸಮವಸ್ತ್ರ, ತಲೆಗೆ ಟೋಪಿ. ಬೆಡ್‌ಫರ್ಡ್, ಶೆವ್ರೊಲೆ, ಸ್ಟುಡಿಬೇಕರ್, ಆಲ್ಬಿಯನ್, ಲೇಲ್ಯಾಂಡ್ ಎಂದು ಹತ್ತು ಕಂಪನಿಗಳ ಗಾಡಿಗಳು. ಅಷ್ಟು ಬಗೆಯ ಗಾಡಿಗಳಿಗೆ ಬಿಡಿಭಾಗ ಹೊಂದಿಸಬೇಕಾಗಿದ್ದ ಆ ಕಾಲದ ಮೆಕ್ಯಾನಿಕ್ಕುಗಳನ್ನು ನೆನೆದರೆ ಪಾಪ ಅನಿಸುತ್ತದೆ.

ಅದೇ ವರ್ಷ ಸೆಪ್ಟೆಂಬರ್ 12ರಂದು ಅತ್ತ ಮೈಸೂರು ಸರ್ಕಾರವೂ 120 ಬಸ್ಸುಗಳೊಂದಿಗೆ ತನ್ನ ಸಾರಿಗೆ ಇಲಾಖೆ ಶುರುಮಾಡಿತು. ನಡುವೆ ಮೂರು ತಿಂಗಳ ಅಂತರವಷ್ಟೇ. ಆದರೆ ನನ್ನ ಅಜ್ಜಿಯ ಊರಿಗೆ ಮೊದಲು ಬಂದದ್ದು ಮೈಸೂರಿನ ಬಸ್ಸಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆ ಆಗ ಬಾಂಬೆ ರಾಜ್ಯದಲ್ಲಿದ್ದವು. ಅಲ್ಲಿಗೆ ಬಂದದ್ದೂ ಬಾಂಬೆಯ ಸರ್ಕಾರಿ ಬಸ್ಸೇ.

ಮೊದಲ ದಿನ ವಾಯಿ ದಾಟಿ ಪಸರಣಿ ಘಾಟು ಹತ್ತಿ ಮಹಾಬಳೇಶ್ವರಕ್ಕೆ ಹೋದೆ. ಮರಾಠಿ ವಿಶ್ವಕೋಶ ತಯಾರಾದ ವಾಯಿಯಲ್ಲಿ ಅರ್ಧ ದಿನ ಇರಬೇಕು ಅಂದುಕೊಂಡಿದ್ದೆ. ಮಳೆ ನೋಡಿ ಬಸ್ಸಿನಿಂದ ಇಳಿಯುವ ಧೈರ್ಯವಾಗಲಿಲ್ಲ. 1950ರ ದಶಕದ ಮೊದಲಲ್ಲಿ ಪುಣೆ–ಮಹಾಬಳೇಶ್ವರ ದಾರಿಯಲ್ಲಿ ‘ನೀಲಕಮಲ್’, ‘ಗಿರಿಆರೋಹಿಣಿ’ ಎಂಬ ಎರಡು ಐಷಾರಾಮಿ ಬಸ್ಸುಗಳು ಓಡುತ್ತಿದ್ದವು. ಸಾಲಿಗೆ ಎರಡೆರಡು ಸೀಟು, ಕಿಟಕಿಗೆ ಪರದೆ, ಹಸಿರು ಛಾಯೆಯ ಗಾಜು, ಒಳಗೊಂದು ಗಡಿಯಾರ. ಬಸ್ಸಿನೊಳಗೆ ಗಡಿಯಾರ ಇಟ್ಟವರ ಆತ್ಮವಿಶ್ವಾಸ ನನಗೆ ತುಂಬ ಇಷ್ಟ. ನನ್ನ ಬಸ್ಸಿನ ಕಿಟಕಿಯಲ್ಲಿ ಗಾಜು ಜಾರಿ ಮಳೆ ನೇರ ಮಡಿಲಿಗೆ ಬರುತ್ತಿತ್ತು, ಪಕ್ಕದ ಅಜ್ಜಿ ತನ್ನ ಪ್ಲಾಸ್ಟಿಕ್ ಗೋಣಿಯ ಅರ್ಧ ನನಗೆ ಹೊದಿಸಿದಳು.

ಹಳೆ ಮಹಾಬಳೇಶ್ವರದ ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ವೆಣ್ಣಾ, ಕೊಯ್ನಾ, ಗಾಯತ್ರಿ, ಸಾವಿತ್ರಿ ಐದೂ ನದಿಗಳು ಹುಟ್ಟುತ್ತವೆ ಎಂದು ನಂಬಿಕೆ. ಕೃಷ್ಣೆ ಮೂಡಲಿಗೆ ಹರಿದು ನಮ್ಮ ಕಡೆ ಬರುತ್ತಾಳೆ. ಸಾವಿತ್ರಿ ಪಡುವಲಿಗೆ ಘಟ್ಟ ಇಳಿದು ಸಮುದ್ರಕ್ಕೆ. ನಾನು ಮೊದಲು ಸಾವಿತ್ರಿಯ ಹಿಂದೆ ಹೋದೆ, ಆಮೇಲೆ ಕೃಷ್ಣೆಯ ಹಿಂದೆ.

ಮಹಾಬಳೇಶ್ವರದಿಂದ ಪೋಲಾದಪುರಕ್ಕೆ ಇಳಿಯುವ ಆಂಬೇನಳಿ ಘಾಟು ಪ್ರತಾಪಗಡದ ಕೆಳಗೆ ಹಾಯುತ್ತದೆ. 1659ರ ನವೆಂಬರ್ 10ರಂದು ಶಿವಾಜಿ ಅಫ್ಜಲ್‌ಖಾನನನ್ನು ಕೊಂದದ್ದು ಈ ಕೋಟೆಯ ಬುಡದಲ್ಲಿಯೇ. ಖಾನ ಹೊರಟು ಬಂದದ್ದು ವಿಜಾಪುರದಿಂದ. ಕೋಟೆ ದಾಟಿ ಮೂರು ತಿರುವು ಹೋಗಿರಬಹುದು, ಮುಂದೆ ಗುಡ್ಡ ಕುಸಿದು ಕೆಂಪು ಮಣ್ಣು, ಕಲ್ಲು, ಒಂದು ಇಡೀ ಮರ ರಸ್ತೆಗೆ ಬಿದ್ದಿತ್ತು. ಡ್ರೈವರ್ ಇಂಜಿನ್ ಆರಿಸಿ, ಬೀಡಿ ಹಚ್ಚಿ, “ಆತಾ ಬಸಾ” ಅಂದರು. ಇನ್ನು ಕೂತಿರಿ ಎಂದು. ಕೂತೆವು, ಮೂರು ತಾಸು. ಹಿಂದಿನ ತಿರುವಿನಲ್ಲಿಯೂ ಮಣ್ಣು ಜಾರಲು ಶುರುವಾದಾಗ ಮಾತ್ರ ಬಸ್ಸಿನೊಳಗಿನ ಹರಟೆ ನಿಂತಿತು. ಕಂಡಕ್ಟರ್ ಟಿಕೆಟ್ ಯಂತ್ರವನ್ನು ಚೀಲದಲ್ಲಿ ಸುತ್ತಿಟ್ಟು ಇಳಿದರು. ಅವರ ಹಿಂದೆ ಗಂಡಸರು, ಅವರ ಹಿಂದೆ ನಾನು. ಕೈಯಿಂದ ಎತ್ತಬಹುದಾದ ಕಲ್ಲು ಎತ್ತಿ ಕಣಿವೆಗೆ ಉರುಳಿಸಿದೆವು. ಕೆಳಗಿನಿಂದ ಜೆಸಿಬಿ ಬಂದು ಮರ ಎಳೆದಾಗ ಕತ್ತಲಾಗಿತ್ತು. “ಘಾಬರಲೀಸ್ ಕಾ, ತಾಈ?” ಎಂದು ಕಂಡಕ್ಟರ್ ಕೇಳಿದರು, ಹೆದರಿದೆಯಾ ಎಂದು. ಮರಾಠಿಯ ‘ತಾಈ’ ಎಂದರೆ ಅಕ್ಕ. ನಮ್ಮ ಮನೆಗೆ ಹೊಸದಾಗಿ ಬಂದ ನೆಂಟರು ಪ್ರತಿಸಲ ಇದನ್ನು ‘ತಾಯಿ’ ಎಂದು ಕೇಳಿಸಿಕೊಂಡು ಖುಷಿಪಡುತ್ತಾರೆ. ನಾನು ಹೆದರಿದ್ದೆ, ಇಲ್ಲ ಅಂದೆ.

ಆ ರಾತ್ರಿ ಮಹಾಡ ಮುಟ್ಟುವ ಮೊದಲು ಬಸ್ಸು ಮುಂಬೈ–ಗೋವಾ ಹೆದ್ದಾರಿಯಲ್ಲಿ ಒಂದು ಹಳೆಯ ಸೇತುವೆ ದಾಟಿತು. ಕೆಳಗೆ ಅದೇ ಸಾವಿತ್ರಿ. ನಾನು ನಿದ್ದೆಗಣ್ಣಿನಲ್ಲಿದ್ದೆ, ಸೇತುವೆಯ ಒಂದು ಕಲ್ಲೂ ನೆನಪಿಲ್ಲ. ಬೆಳಿಗ್ಗೆ ಎದ್ದು, 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನೀರು ಮುಟ್ಟಿದ ಚವದಾರ ಕೆರೆಯ ಮೆಟ್ಟಿಲ ಮೇಲೆ ಒಂದು ತಾಸು ಕೂತು, ಬಸ್ಸು ಹತ್ತಿ ಚಿಪಳೂಣಕ್ಕೆ ಹೋದೆ.

ಮೂರು ವಾರ ಕಳೆದು, ಆಗಸ್ಟ್ 2ರ ರಾತ್ರಿ ಆ ಸೇತುವೆ ಬಿತ್ತು. ಬ್ರಿಟಿಷರ ಕಾಲದ ಕಲ್ಲಿನ ಕಮಾನುಗಳು ಸಾವಿತ್ರಿಯ ಪೂರದಲ್ಲಿ ಕೊಚ್ಚಿಹೋದವು. ಪಕ್ಕದ ಹೊಸ ಸೇತುವೆ ನಿಂತಿತ್ತು, ಹಳೆಯದು ಮುಂಬೈ ದಿಕ್ಕಿಗೆ ಹೋಗುವ ವಾಹನಗಳದ್ದು. ಕತ್ತಲಲ್ಲಿ ಎರಡು ಎಸ್‌.ಟಿ. ಬಸ್ಸುಗಳು ಜನರ ಸಮೇತ ಅದರ ಜೊತೆ ಹೋದವು. ಒಂದು ಜಯಗಡದಿಂದ ಮುಂಬೈಗೆ, ಇನ್ನೊಂದು ರಾಜಾಪುರದಿಂದ ಬೋರಿವಲಿಗೆ ಹೊರಟಿದ್ದವು. ಬಸ್ಸುಗಳನ್ನು ಹುಡುಕಲು ದಿನಗಟ್ಟಲೆ ಹಿಡಿಯಿತು. ಮರುವರ್ಷ ಜೂನಿನಲ್ಲಿ ಹೊಸ ಸೇತುವೆ ತೆರೆಯಿತು. ಸುದ್ದಿ ಬಂದ ಬೆಳಿಗ್ಗೆ ಅಪ್ಪ ಪೇಪರ್ ಮಡಚಿಟ್ಟು ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ನಾನು ನಕ್ಷೆ ತೆಗೆದು ಯಾವ ಸೇತುವೆ ಎಂದು ಮೂರು ಸಲ ನೋಡಿದೆ. ಘಟ್ಟದಲ್ಲಿ ಮೂರು ತಾಸು ಹೆದರಿ ಕೂತಿದ್ದೆ. ನಿಜವಾಗಿ ಹೆದರಬೇಕಿದ್ದ ಕಡೆ ಗೊರಕೆ ಹೊಡೆಯುತ್ತಿದ್ದೆ.

ಚಿಪಳೂಣದಿಂದ ಕುಂಭಾರ್ಲಿ ಘಾಟು ಹತ್ತಿ ಮತ್ತೆ ಮೇಲೆ. 1967ರ ಡಿಸೆಂಬರ್ 11ರ ನಸುಕಿನ ಭೂಕಂಪ ಕೆಡವಿ, ಮತ್ತೆ ಕಟ್ಟಿಕೊಂಡ ಕೊಯ್ನಾನಗರ. ಅದನ್ನು ದಾಟಿ ಕೊಯ್ನೆಯ ಜೊತೆಗೇ ಇಳಿದು, ಅವಳು ಕೃಷ್ಣೆಗೆ ಸೇರುವ ಕರಾಡದಲ್ಲಿ ಉಳಿದೆ. ಇಲ್ಲಿಂದ ಕೃಷ್ಣೆಯ ಬಯಲು, ಕಬ್ಬು, ಮತ್ತು ನಾನು ಕಾಯುತ್ತಿದ್ದ ಊರು.

ಭಾಷಾವಿಜ್ಞಾನ ಓದಿದವರಿಗೆಲ್ಲ ಕುಪವಾಡ ಗೊತ್ತು. ಸಾಂಗಲಿ ಪಕ್ಕದ ಈ ಹಳ್ಳಿಯ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಪಠ್ಯ. ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ, ಮುಸ್ಲಿಮರು ಉರ್ದು, ಇನ್ನೂ ಹಲವರು ಮರಾಠಿ. ಬೀದಿಯಲ್ಲಿ ಎಲ್ಲರಿಗೂ ಮರಾಠಿ. ನೂರಾರು ವರ್ಷ ಹೀಗೆ ಬಾಳಿ, ಶಬ್ದ ಬೇರೆ ಬೇರೆ ಇದ್ದರೂ ವಾಕ್ಯದ ಎಲುಬು ಒಂದೇ ಆಗಿಬಿಟ್ಟಿದೆ. ಒಂದು ಭಾಷೆಯ ವಾಕ್ಯದಲ್ಲಿ ಶಬ್ದಕ್ಕೆ ಶಬ್ದ ಬದಲಿಸಿದರೆ ಇನ್ನೊಂದು ಭಾಷೆ ತಯಾರು. ‘ಇದು ನಮ್ಮ ಮನೆ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡ, ಮರಾಠಿಗೆ ‘ಆಹೇ’ ಬೇಕು. ಕುಪವಾಡದ ಕನ್ನಡಕ್ಕೂ ಬೇಕು: ‘ಇದ ನಮ್ ಮನಿ ಐತಿ.’

ನಾನು ಹೋದಾಗ ಹಳ್ಳಿ ಎಲ್ಲಿತ್ತು? ಸಾಂಗಲಿ-ಮಿರಜ-ಕುಪವಾಡ ಒಂದೇ ಮಹಾನಗರಪಾಲಿಕೆ. ಬಸ್ಸು ಇಳಿದರೆ ಕಾರ್ಖಾನೆಗಳ ಸಾಲು, ಥೇಟ್ ಭೋಸರಿ. ಪಾಠದಲ್ಲಿ ಓದಿದ ಊರು ಹುಡುಕುತ್ತ ಪಿಂಪ್ರಿಗೇ ವಾಪಸ್ ಬಂದಂತಾಯಿತು. ಅಂಗಡಿಯವರನ್ನು ಕನ್ನಡದಲ್ಲಿ ಮಾತಾಡಿಸಿದೆ, ಮರಾಠಿಯಲ್ಲಿ ಉತ್ತರ ಬಂತು. ಇನ್ನೊಬ್ಬರೂ ಹಾಗೆಯೇ. ಸೋತು ಸ್ಟಾಪಿನಲ್ಲಿ ನಿಂತು, ಬುಟ್ಟಿ ಹಿಡಿದ ಅಜ್ಜಿಯೊಬ್ಬರನ್ನು ಮಿರಜ ಬಸ್ಸು ಯಾವುದು ಎಂದು ಕೇಳಿದೆ. “ಇದ ಮಿರಜೀ ಗಾಡಿ ಐತಿ ನೋಡ” ಅಂದರು. ಐತಿ! ನಾನು ಚೀಲದಿಂದ ವಹಿ ತೆಗೆದು, ಪೆನ್ನು ಹುಡುಕಿ, ದಿನಾಂಕ ಹಾಕಿ ಬರೆದುಕೊಂಡು ತಲೆಯೆತ್ತಿದಾಗ ಮಿರಜೀ ಗಾಡಿಯೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ.

ಆರನೇ ದಿನದ್ದು ದೊಡ್ಡ ಎಡವಟ್ಟು. ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಹೋಗುವ ಎಸ್‌.ಟಿ. ಹತ್ತಿದೆ. ಎರಡೂ ಮಹಾರಾಷ್ಟ್ರದ ಊರು, ಒಂದೇ ಜಿಲ್ಲೆ. ಆದರೆ ಬಸ್ಸು ಕಾಗಲ ದಾಟಿ ದೂಧಗಂಗಾ ನದಿ ದಾಟಿ ಕರ್ನಾಟಕದ ನಿಪ್ಪಾಣಿಗೆ ಬಂದು ನಿಲ್ಲುತ್ತದೆ. ರಸ್ತೆ ಗಡಿಗಿಂತ ಹಳೆಯದು. 1956ರ ನವೆಂಬರ್ 1ರವರೆಗೆ ಇದೆಲ್ಲ ಬಾಂಬೆ ರಾಜ್ಯ. ಅಂದು ನಾಲ್ಕು ಜಿಲ್ಲೆಗಳು ಮೈಸೂರಿಗೆ ಹೋದವು, ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮಾತ್ರ ಆಚೆಯೇ ಉಳಿಯಿತು. 1966ರ ಅಕ್ಟೋಬರಿನಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಇತ್ತ ಬರಲಿ, 264 ಹಳ್ಳಿಗಳು ಅತ್ತ ಹೋಗಲಿ, ಬೆಳಗಾವಿ ಇಲ್ಲಿಯೇ ಇರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟರಲ್ಲಿ ಬಾಂಬೆಯ ಬಸ್ಸು ನೀಲಿಯಿಂದ ಕೆಂಪಾಗಿತ್ತು, ಇತ್ತಲಿನ ಬಸ್ಸೂ ಕೆಂಪೇ ಆಗಿತ್ತು.

ಆ ಕೆಂಪೇ ನನಗೆ ಮುಳುವಾಯಿತು. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಐದು ನಿಮಿಷ ಅಂದರು. ಚೀಲ ಸೀಟಿನ ಮೇಲಿಟ್ಟು ಚಹಾಕ್ಕೆ ಇಳಿದೆ. ವಾಪಸ್ ಬಂದು ಕೆಂಪು ಬಸ್ಸು ಹತ್ತಿ ಖಾಲಿ ಸೀಟಿನಲ್ಲಿ ಕೂತು, ಕಂಡಕ್ಟರಿಗೆ ಠೀವಿಯಿಂದ ಪಾಸು ತೋರಿಸಿದೆ.

“ಇದು ನಮ್ಮ ಗಾಡಿಗೆ ನಡ್ಯಾಂಗಿಲ್ರಿ ಅಕ್ಕಾರ. ಎಲ್ಲಿಗ್ ಹೊಂಟೀರಿ?”

“ಗಡಹಿಂಗ್ಲಜಕ್ಕ.”

“ಇದು ಚಿಕ್ಕೋಡಿಗೆ ಹೊಂಟೈತ್ರಿ!”

ಆಗ ನೆನಪಾಯಿತು ಚೀಲ. ಅದರಲ್ಲಿ ಬಟ್ಟೆ ಹೋದರೆ ಹೋಗಲಿ, ಆರು ದಿನದ ವಹಿ ಇತ್ತು. ನನ್ನ ಮುಖ ನೋಡಿ ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದರು. ನನ್ನ ಮೊದಲ ಬಸ್ಸಿನ ಕಂಡಕ್ಟರ್ ಹೇಗಿದ್ದರು ಎಂದು ಕೇಳಿದರು. ಎತ್ತರ, ಬಿಳಿ ಮೀಸೆ, ಅಂದೆ. “ಹಾಂ, ಗೊತ್ತಾತು ಬಿಡ್ರಿ” ಎಂದು ತಮ್ಮ ಫೋನಿನಿಂದ ಕರೆ ಮಾಡಿ, ಮರಾಠಿಯಲ್ಲಿ ಶುರುಮಾಡಿ, ನಡುವೆ ಕನ್ನಡಕ್ಕೆ ಬಂದು, ಮತ್ತೆ ಮರಾಠಿಯಲ್ಲಿ ಮುಗಿಸಿದರು. ಇಬ್ಬರೂ ದಿನಾ ಅದೇ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರು. “ಅಂವಾ ಗಡಹಿಂಗ್ಲಜ ಕಂಟ್ರೋಲರ್ ಕಡೆ ಇಟ್ಟಿರ್ತಾನಂತ. ಹಿಂದಿನ ಗಾಡಿಗೆ ಬರ್ರಿ.” ಸಂಜೆ ಗಡಹಿಂಗ್ಲಜದ ಕಂಟ್ರೋಲರ್ ಕೋಣೆಯಲ್ಲಿ ಚೀಲ ಮೇಜಿನ ಮೇಲಿತ್ತು. ಅವರು ವಹಿ ತೆರೆದು ನೋಡಿದ್ದರು. ರಿಜಿಸ್ಟರಿನಲ್ಲಿ ‘ಬ್ಯಾಗ ಒಂದು, ಕಾನಡೀ ವಹೀ ಒಂದು’ ಎಂದು ಮರಾಠಿಯಲ್ಲಿ ದಾಖಲಾಗಿತ್ತು. ಅದರ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ. ಕಂಟ್ರೋಲರ್ ನನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿದರು. ಅವರ ಅವ್ವ ಸಂಕೇಶ್ವರದವರಂತೆ.

ಭಾಷೆ ಬದಲಾಗುವ ಜಾಗ ನನಗೆ ಸಿಗಲಿಲ್ಲ. ಅದು ಗೆರೆಯಲ್ಲ, ನೂರು ಮೈಲಿ ಅಗಲದ ಪಟ್ಟಿ, ಅದರ ಮೇಲೆ ದಿನವೂ ಬಸ್ಸು ಓಡುತ್ತವೆ. ಗೆರೆ ಇರಲೇಬೇಕು ಅನ್ನುವವರಿಗೆ ಮೊದಲು ಕಣ್ಣಿಗೆ ಬೀಳುವುದೂ ಬಸ್ಸೇ. 2022ರ ಡಿಸೆಂಬರ್ 6ರಂದು ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ. ಪೊಲೀಸರ ಸಲಹೆಯಂತೆ ಎಸ್‌.ಟಿ. ಕರ್ನಾಟಕದ ಕಡೆ ನಿಂತಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಕಥೆ. ಬೆಳಗಾವಿ ಕಡೆ ಕಂಡಕ್ಟರ್ ಒಬ್ಬರಿಗೆ ಏಟು, ಚಿತ್ರದುರ್ಗದಲ್ಲಿ ಆಚೆಯ ಬಸ್ಸಿನವರಿಗೆ ಮಸಿ. ಎರಡೂ ಕಡೆ ಪೆಟ್ಟು ತಿಂದದ್ದು ಖಾಕಿ ಹಾಕಿ ಟಿಕೆಟ್ ಹರಿಯುವವರು.

2022ರ ಆ ವಾರವೇ ಧಾರವಾಡದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ರೈಲಿಗೆ ವೇಟಿಂಗ್ ಲಿಸ್ಟ್. ಬೇಡ ಅಂದರೂ ಕೇಳದೆ ಅರವತ್ತು ದಾಟಿದ ಅಪ್ಪ ಹೊರಟರು. ಕೊಲ್ಹಾಪುರದವರೆಗೆ ಎಸ್‌.ಟಿ., ಅಲ್ಲಿಂದ ಕಾಗಲಕ್ಕೆ ವಡಾಪ್ ಜೀಪು, ಆಮೇಲೆ ಆಹೇರಿನ ಸೀರೆ ಇದ್ದ ಚೀಲ ಹೆಗಲಿಗೇರಿಸಿ ದೂಧಗಂಗಾ ಸೇತುವೆ ನಡೆದು ದಾಟಿದರಂತೆ. ಆಚೆ ಒಂದು ಟೆಂಪೋ ಸಿಕ್ಕಿತು. ಮಧ್ಯಾಹ್ನ ನಾಲ್ಕಕ್ಕೆ ಫೋನು ಬಂತು.

“ನಿಪ್ಪಾಣಿ ಸ್ಟ್ಯಾಂಡಿನ್ಯಾಗ ಚಾ ಕುಡ್ಯಾಕತ್ತೀನವಾ. ಧಾರವಾಡದ ಗಾಡಿ ಹತ್ತೈತಿ, ಚೀಲ ಕೈಯಾಗ ಹಿಡಕೊಂಡೇನಿ.”