ಕೋಲಾರ ಚಿನ್ನದ ಗಣಿ: ಸಾರ್ವತ್ರಿಕ ಆರೋಗ್ಯ ಸೇವೆಯ ಚರ್ಚೆ

ಚಿಕಿತ್ಸೆ ನೌಕರಿಯ ಜೊತೆ ಬರುವ ಸವಲತ್ತೋ, ಪ್ರಜೆಯ ಹಕ್ಕೋ ಎಂಬ ಚರ್ಚೆಗೆ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ಗಿಂತ ಕಟುವಾದ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಾರಿಕೆ ಕೈಗೆತ್ತಿಕೊಂಡ ಮೇಲೆ ಬೆಳೆದ ಈ ಊರಿನಲ್ಲಿ ಕಾರ್ಮಿಕರ ಲೈನ್ ಮನೆಗಳಂತೆ ಆಸ್ಪತ್ರೆಯೂ ಕಂಪನಿಯದೇ. ಚಾಂಪಿಯನ್ ರೀಫ್‌ನ ಗಣಿ ಆಸ್ಪತ್ರೆ ನಡೆಯುತ್ತಿದ್ದುದು ನೌಕರರು ಮತ್ತು ಅವರ ಕುಟುಂಬದವರಿಗಾಗಿ. ಬಂಗಾರಪೇಟೆ ಸುತ್ತಲಿನ ರೈತರಿಗೆ ಸರ್ಕಾರಿ ದವಾಖಾನೆಯೇ ಗತಿ.

ಇಲ್ಲಿನ ಚಿನ್ನ ಸಿಲಿಕಾ ತುಂಬಿದ ಬೆಣಚುಕಲ್ಲಿನಲ್ಲಿದೆ. ಕಲ್ಲು ಕೊರೆಯುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಡುಸಾಗಿಸುತ್ತದೆ. 1940–46ರಲ್ಲಿ ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ ಶೇ. 43.7 ಮಂದಿಗೆ ಸಿಲಿಕೋಸಿಸ್ ಎಂಬ ಈ ರೋಗವಿತ್ತು. ಇದನ್ನು ವಾಸಿಮಾಡುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಉಲ್ಬಣಿಸಬಹುದು.

ಹಣವಿಲ್ಲವೆಂದು ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಹೇಳಿದ್ದೂ 1946ರಲ್ಲೇ. ಎರಡು ವರ್ಷದ ಬಳಿಕ ಬಂದ ನೌಕರರ ರಾಜ್ಯ ವಿಮಾ (ಇಎಸ್ಐ) ಕಾಯ್ದೆ ಕಾರ್ಖಾನೆಗಳಿಗೆ ಅನ್ವಯಿಸಿತು, ಗಣಿಗಳನ್ನು ಹೊರಗಿಟ್ಟಿತು. ಗಣಿಗಾರರ ಆರೋಗ್ಯ ಹೀಗೆ ಗಣಿಯ ಆಯುಷ್ಯಕ್ಕೇ ಗಂಟುಬಿತ್ತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದರೂ ಈ ಗಂಟು ಬಿಚ್ಚಲಿಲ್ಲ.

ಕಾರ್ಮಿಕನಿಗೆ ನಿವೃತ್ತಿಯ ಬಳಿಕವೂ ಆರೋಗ್ಯದ ಹಕ್ಕಿದೆ ಎಂದು 1995ರಲ್ಲಿ, ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಆದರೂ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಆಸ್ಪತ್ರೆಗೂ ಬೀಗ ಬಿತ್ತು. ಉಳಿದದ್ದು ಸೈನೈಡ್ ಗುಡ್ಡಗಳು, ಅಂದರೆ ಚಿನ್ನ ತೆಗೆದ ಮೇಲೆ ರಾಶಿ ಹಾಕಿದ ಅದಿರಿನ ಪುಡಿ. ಬೇಸಿಗೆ ಗಾಳಿಗೆ ಅವುಗಳಿಂದೇಳುವ ಧೂಳು ಗಣಿಗೆ ಇಳಿದವರು, ಇಳಿಯದವರು ಎಂಬ ಭೇದವೆಣಿಸುವುದಿಲ್ಲ. ಚಿಕಿತ್ಸೆಯನ್ನು ನೌಕರಿಗೆ ಕಟ್ಟಿಹಾಕುವ ವಾದ ಇಲ್ಲಿಯೇ ಬಿದ್ದುಹೋಗುತ್ತದೆ.

2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಎಪಿಎಲ್‌ನವರಿಗೆ, ಒಂದೊಂದು ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ. ನೌಕರಿಯ ಹಂಗು ತಪ್ಪಿದ್ದು ದೊಡ್ಡ ಮಾತೇ. ಆದರೆ ಪ್ಯಾಕೇಜ್ ಲೆಕ್ಕ ಹೃದಯದ ಶಸ್ತ್ರಚಿಕಿತ್ಸೆಗೆ ಒಗ್ಗಿದಷ್ಟು, ಮನೆಯಲ್ಲಿ ವರ್ಷಗಟ್ಟಲೆ ಏದುಸಿರು ಬಿಡುವ ಮುದುಕನಿಗೆ ಒಗ್ಗುವುದಿಲ್ಲ. ಅವನಿಗೆ ಬೇಕಾದ್ದು ಹತ್ತಿರದಲ್ಲೇ ಔಷಧ, ಆಮ್ಲಜನಕ, ಎದೆರೋಗದ ವೈದ್ಯರು.

2021ರ ಕೋವಿಡ್ ಎರಡನೇ ಅಲೆಯಲ್ಲಿ ಹಾಸಿಗೆಗಳ ಕೊರತೆಯಾದಾಗ, ಮುಚ್ಚಿ ಇಪ್ಪತ್ತು ವರ್ಷವಾಗಿದ್ದ ಗಣಿ ಆಸ್ಪತ್ರೆಯನ್ನೇ ಸ್ವಯಂಸೇವಕರು ಗುಡಿಸಿ ತೊಳೆದು ಚಿಕಿತ್ಸೆಗೆ ಅಣಿಗೊಳಿಸಿದರು.