ದಾನಪತ್ರದಲ್ಲಿ ಬರೆಯದ ಸಾಲು

ಕೊಟ್ಟದ್ದನ್ನು ವಾಪಸ್ ಕೇಳಬಾರದು ಎನ್ನುವುದು ನಮ್ಮ ಕಡೆ ಕಲ್ಲಿನಲ್ಲೇ ಕೊರೆದಿಟ್ಟ ಮಾತು. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿದರೆ ದಾನಶಾಸನಗಳ ಕೊನೆಯಲ್ಲಿ ಶಾಪಾಶಯ ಮತ್ತೆ ಮತ್ತೆ ಎದುರಾಗುತ್ತದೆ. ತಾನೇ ಕೊಟ್ಟದ್ದಿರಲಿ, ಬೇರೆಯವರು ಕೊಟ್ಟದ್ದಿರಲಿ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿರುತ್ತಾನೆ. ಆದರೆ ಅವು ದೇವಾಲಯಕ್ಕೆ, ಬ್ರಾಹ್ಮಣರಿಗೆ ಕೊಟ್ಟ ದಾನಗಳು. ಮಗನಿಗೆ ಮನೆ ಬರೆದುಕೊಟ್ಟು ಬೀದಿಗೆ ಬಿದ್ದ ತಾಯಿಗೂ ಇದೇ ನಿಯಮವೇ?

ಪ್ರಶ್ನೆ ಹೊಸದಲ್ಲ. ಹಳೆಯ ಧರ್ಮಶಾಸ್ತ್ರ ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿತ್ತು. ಕೊಟ್ಟದ್ದನ್ನು ಹಿಂಪಡೆಯುವ ಜಗಳಕ್ಕೇ ಅದರಲ್ಲೊಂದು ವಿಭಾಗ. ನಾರದಸ್ಮೃತಿಯಲ್ಲಿ ಅದರ ಹೆಸರು ದತ್ತಾಪ್ರದಾನಿಕ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರವೂ ಇದನ್ನು ಚರ್ಚಿಸುತ್ತದೆ. ಭಯ, ಸಿಟ್ಟು, ದುಃಖದ ಆವೇಗದಲ್ಲಿ ಕೊಟ್ಟದ್ದು, ಮೋಸಕ್ಕೆ ಸಿಕ್ಕಿ ಕೊಟ್ಟದ್ದು ಕೊಟ್ಟಂತೆಯೇ ಅಲ್ಲ ಎನ್ನುತ್ತಾನೆ ನಾರದ. ಆ ಪಟ್ಟಿಯ ಇನ್ನೊಂದು ಬಾಬಿನ ಮೇಲೆ ನನ್ನ ಕಣ್ಣು ನಿಲ್ಲುತ್ತದೆ: ಇವನು ನನ್ನ ಕೆಲಸ ಮಾಡಿಕೊಡುತ್ತಾನೆಂದು ನಂಬಿ, ಪ್ರತಿಫಲದ ಆಸೆಯಿಂದ ಕೊಟ್ಟದ್ದೂ 'ಅದತ್ತ'. ಕೊಡುವವರ ಮನಸ್ಸಿನಲ್ಲಿದ್ದ ನಿರೀಕ್ಷೆಗೆ ಇಲ್ಲಿ ಬೆಲೆಯಿತ್ತು.

ಬ್ರಿಟಿಷರು ತಂದ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಈ ಬಾಗಿಲನ್ನು ಕಿರಿದು ಮಾಡಿತು. ದಾನಪತ್ರ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳಿರಬೇಕು, ಪಡೆದವರು ಒಪ್ಪಿಕೊಂಡಿರಬೇಕು. ಇಷ್ಟಾದ ಮೇಲೆ 126ನೇ ಕಲಮಿನ ಪ್ರಕಾರ ರದ್ದತಿಗೆ ದಾರಿ ಎರಡೇ: ಇಬ್ಬರೂ ಮೊದಲೇ ಒಪ್ಪಿದ ಷರತ್ತು ಮುರಿದಿರಬೇಕು, ಇಲ್ಲವೇ ಮೋಸ, ಒತ್ತಡದಂಥ ಕಾರಣವನ್ನು ಸಿವಿಲ್ ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಮನಸ್ಸು ಬದಲಾಯಿತು, ಮಗ ಅನ್ನ ಹಾಕಲಿಲ್ಲ ಎಂಬುದಷ್ಟೇ ಸಾಲದು.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ನಾರದನ ಬಾಬನ್ನು ಬೇರೆ ಮಾತಿನಲ್ಲಿ ಮರಳಿ ತಂದಿತು ಎನ್ನಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಪಡೆದವರು ಕೈಬಿಟ್ಟರೆ, ಆ ವರ್ಗಾವಣೆಯೇ ಮೋಸ ಅಥವಾ ಒತ್ತಡದಿಂದ ಆದದ್ದೆಂದು 23ನೇ ಕಲಮು ಭಾವಿಸುತ್ತದೆ. ಇದು ಕಾಯ್ದೆ ಜಾರಿಯಾದ ನಂತರದ ಪತ್ರಗಳಿಗೆ ಮಾತ್ರ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಗುಬ್ಬಿ, ಕುಣಿಗಲ್‌ ತಾಲ್ಲೂಕಿನವರು ಇದಕ್ಕಾಗಿ ಬರಬೇಕಾದದ್ದು ತುಮಕೂರಿಗೆ. ಮೂರೂ ಒಂದೇ ಉಪವಿಭಾಗ.

ಷರತ್ತು ಎಲ್ಲಿ ಬರೆದಿದೆ ಎಂಬಲ್ಲಿಗೆ ಜಗಳ ಬಂದು ನಿಂತಿತು. ಷರತ್ತಿತ್ತೆಂದು ತೋರಿಸಲೇಬೇಕು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ಕೋರ್ಟು, ಕಾಯ್ದೆಯನ್ನು ಹಿರಿಯರ ಪರ ಉದಾರವಾಗಿ ಓದಬೇಕೆಂದು ದಾನಪತ್ರವನ್ನು ರದ್ದುಮಾಡಿತು. ಅಲ್ಲಿ ತಾಯಿಯ ಕೈ ಹಿಡಿದದ್ದು ಮಗ ಪ್ರತ್ಯೇಕವಾಗಿ ಬರೆದುಕೊಟ್ಟಿದ್ದ ವಚನಪತ್ರ.

ನಮ್ಮ ಊರುಗಳಲ್ಲಿ ಅಂಥ ಪತ್ರ ಯಾರು ಬರೆಸುತ್ತಾರೆ? ದಾನಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಎಂದಿರುತ್ತದೆ. 'ನನ್ನನ್ನು ಸಾಯುವವರೆಗೆ ನೋಡಿಕೊಳ್ಳತಕ್ಕದ್ದು' ಎಂದು ಸೇರಿಸಿ ಅಂತ ಪತ್ರ ಬರಹಗಾರನಿಗೆ ಹೇಳಲು ಅವ್ವನಿಗೆ ನಾಚಿಕೆ. ಹೆತ್ತ ಮಗನಿಗೆ ಕರಾರು ಹಾಕುವುದೇ ಎಂಬ ಸಂಕೋಚ. ಹೇಳದೆಯೇ ಅರ್ಥವಾಗುವ ಮಾತೆಂದು ಅವಳ ನಂಬಿಕೆ. ನಾರದನಿಗೆ ಆ ನಂಬಿಕೆಯೂ ಲೆಕ್ಕಕ್ಕಿತ್ತು. ಇಂದಿನ ಕಾನೂನು ಅದರ ಗುರುತು ಕೇಳುತ್ತದೆ. ಆದ್ದರಿಂದ ಆ ಒಂದು ಸಾಲನ್ನು ಮಗನೇ ಬರೆಸುವುದು ಒಳ್ಳೆಯದು. ನೋಡಿಕೊಳ್ಳುವ ಮನಸ್ಸಿದ್ದವನಿಗೆ ಅದರಿಂದ ಕಳೆದುಕೊಳ್ಳುವಂಥದ್ದು ಏನೂ ಇಲ್ಲ.